ಸುಳ್ಳು ಹೇಳಿದ ಬೆರಳು

ಹೆಡ್‌ಫೋನ್ ಹಾಕಿಕೊಂಡು ಅವಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಬಟನ್ ಒತ್ತಿದೊಡನೆ ಇವಳ ಬೆರಳು ಮೇಲೇಳುತ್ತಿತ್ತು. ಸದ್ದು ಕೇಳಿಸಿದರಷ್ಟೇ ಬೆರಳೆತ್ತಬೇಕಿತ್ತು; ಇವಳು ಕೇಳಿಸಲಿ, ಬಿಡಲಿ, ಎತ್ತುತ್ತಿದ್ದಳು...

ಔಷಧಿಗೆ ಬಗ್ಗದ ಕ್ಷಯವೆಂದು ಬಟ್ಟೆ ಹೊಲಿಯುವ ಅವಳನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿಟ್ಟು ಮೂರು ತಿಂಗಳಾಗಿತ್ತು. ಒಂದು ಮಂಚ, ಒಂದು ಕಿಟಕಿ, ಹೊರಗಿನಿಂದ ಚಿಲಕ ಬೀಳುವ ಬಾಗಿಲು. ದಿನಕ್ಕೊಂದು ಇಂಜೆಕ್ಷನ್. ಅದು ಕೆಲವರ ಕಿವಿಯನ್ನೇ ತಿಂದುಬಿಡುತ್ತದೆಂದು ಮಂಗಳವಾರಕ್ಕೊಮ್ಮೆ ಕಿವಿ ಪರೀಕ್ಷೆಯವನು ಮಾಸ್ಕ್ ಕಟ್ಟಿಕೊಂಡು ಬರುತ್ತಿದ್ದ. ವಾರಪೂರ್ತಿ ಅವಳ ಎದುರು ಕೂತು ಮಾತಾಡುವವನು ಅವನೊಬ್ಬನೇ.

ಮಾತು ಕೇಳಿಸುತ್ತಿದ್ದರೂ ಕೀರಲು ಸದ್ದು ಕೇಳಿಸುತ್ತಿರಲಿಲ್ಲ; ಎರಡು ವಾರದಿಂದ ಕಿಟಕಿಯ ಗುಬ್ಬಿಗಳು ಬರೀ ಕೊಕ್ಕು ತೆರೆದು ಮುಚ್ಚುತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಇಂಜೆಕ್ಷನ್ ನಿಲ್ಲುತ್ತದೆ, ಬೇರೆ ಮಾತ್ರೆ ಶುರುವಾಗುತ್ತದೆ, ಮತ್ತೆಷ್ಟು ತಿಂಗಳೋ. ಅಷ್ಟರಲ್ಲಿ ಅಕ್ಕನ ಹೆರಿಗೆ. ತಾಯಿಯಿಲ್ಲದ ಅಕ್ಕನ ಬಾಣಂತನಕ್ಕೆ ಇವಳಲ್ಲದೆ ಇನ್ಯಾರು?

ಆ ದಿನ ಅವನ ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನೆ ಆಡಿತು. ಒತ್ತಲೇ ಇಲ್ಲ. ಇವಳ ಬೆರಳು ಮಾತ್ರ ಎದ್ದಿತು.

ಅವನು ಆ ಎದ್ದ ಬೆರಳನ್ನೊಮ್ಮೆ ನೋಡಿದ. ಆಮೇಲೆ ಪೆಟ್ಟಿಗೆ ಮುಚ್ಚಿ ಎದ್ದುಹೋದ.

ಮರುದಿನವೇ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿದರು. ಮನೆಗೆ ಹೋಗುವುದು ಇನ್ನೆರಡು ತಿಂಗಳು ತಡವಂತೆ. ನಂಬಿದವನೇ ಚಾಡಿ ಹೇಳಿಬಿಟ್ಟನಲ್ಲ... ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.

ಭಾನುವಾರ ತುಂಬಿದ ಬಸುರಿ ಅಕ್ಕ ಕಿಟಕಿಯಾಚೆ ನಿಂತು ಬೈದು ಹೋದಳು. "ಎರಡು ತಿಂಗಳು ಹೆಂಗೋ ತಳ್ತೀನಿ ಕಣೇ. ಮಗು ಅತ್ತರೆ ಕೇಳಿಸದ ಚಿಕ್ಕಮ್ಮನ್ನ ಕಟ್ಕೊಂಡು ನಾನೇನು ಮಾಡ್ಲಿ?"

ಮಂಗಳವಾರ ಬಂದಿತು. ಅವಳು ಅವನತ್ತ ತಿರುಗಲಿಲ್ಲ. ಬೆನ್ನು ಹಾಕಿಯೇ ಹೆಡ್‌ಫೋನಿಗೆ ಕೈಚಾಚಿದಳು.

"ಹಿಂಗೇ ಕೂರಿಸ್ಬೇಕಾಗಿತ್ತು," ಎಂದ ಅವನು. "ರೋಗಿ ನಮ್ಮ ಕೈ ನೋಡಬಾರದು ಅನ್ನೋದೇ ಪದ್ಧತಿ. ಮೊದಲ ದಿನದಿಂದ ನಾನೇ ತಪ್ಪಿದೆ."

"ಯಾಕೆ?"

"ನಿಮ್ಮ ಮುಖ ಕಾಣ್ಲಿ ಅಂತ. ಆ ಆಸೆಗೆ ನಿಮ್ಮ ಕಿವೀನೇ ಕಳೀತಿದ್ದೆ. ಡಾಕ್ಟರ ಹತ್ರ ಅದನ್ನೂ ಹೇಳಿದೀನಿ. ಮುಂದಿನ ವಾರದಿಂದ ಪರೀಕ್ಷೆಗೆ ಬೇರೆಯವರು ಬರ್ತಾರೆ."

ಈ ನಾಲ್ಕು ಗೋಡೆಗೆ ಇದ್ದ ಒಂದೇ ಬಾಗಿಲೂ ಮುಚ್ಚಿತೇ?

ಅವನು ಪೆಟ್ಟಿಗೆ ತೆರೆಯಲಿಲ್ಲ. ಹೆಡ್‌ಫೋನನ್ನೂ ಕೊಡಲಿಲ್ಲ. ಮಾಸ್ಕಿನೊಳಗಿಂದಲೇ, ತೀರಾ ಮೆಲ್ಲಗೆ, "ನಾನು ಕಿಟಕಿ ಹತ್ರ ಬರ್ತೀನಿ. ನೀನು ಹೊರಗೆ ಬರೋವರೆಗೂ," ಎಂದ.

ಅವಳ ಬೆರಳು ಮೇಲೆದ್ದಿತು.

"ನಿಜವಾಗ್ಲೂ ಕೇಳಿಸ್ತಾ?"

"ಗುಬ್ಬಿ ಕೇಳಿಸಲ್ಲ," ಎಂದು ಅವಳು ತಿರುಗಿದಳು. "ನೀನು ಕೇಳಿಸ್ತೀಯ."