ಮಡ್ ಕ್ರೀಕ್ ಸೇತುವೆಯ ಬ್ಯಾರಿಕೇಡುಗಳು

ಇದನ್ನು ಹೇಳುವುದಕ್ಕೆ ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಮೊದಲೇ ಕ್ಷಮೆ ಕೇಳುತ್ತೇನೆ. ಪತ್ತೆ ಮಾಡಿದವಳು ನಾನಲ್ಲ, ಡೆಪ್ಯೂಟಿ ಶೆರಿಫ್ ಮಾರ್ಲಿಸ್ ಹೌಗನ್. ನಾನು ವಿಲೋ ಕೌಂಟಿಯ ಕ್ಲರ್ಕ್ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆಯುವವಳು. ಕೌಂಟಿ ಕ್ಲರ್ಕ್ ಎಂದರೆ ಇಲ್ಲಿ ಗುಮಾಸ್ತೆಯಲ್ಲ, ವೋಟಿನಿಂದ ಆರಿಸಿ ಬರುವ ಅಧಿಕಾರಿ. ಬರವಣಿಗೆ ಅಂತ ಅಷ್ಟಿಷ್ಟು ಕಲಿತದ್ದು ಸಂಜೆ ತರಗತಿಯಲ್ಲಿ. ವೋಟಿನಿಂದಲೇ ಬರುವ ಪೊಲೀಸ್ ಮುಖ್ಯಸ್ಥರು, ಅಂದರೆ ಶೆರಿಫ್, ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋಗಿದ್ದರು, ಕಚೇರಿಯಲ್ಲಿ ಜನ ಸಾಲದು, ಹೇಳಿಕೆ ಬರೆದುಕೊಳ್ಳಲು ಮಾರ್ಲಿಸ್ ನನ್ನನ್ನು ಕರೆದಳು. ಹೋದೆ. ನನ್ನ ಅರ್ಹತೆ ಅಷ್ಟೇ.

ಅಕ್ಟೋಬರ್‌ನ ಒಂದು ಶುಕ್ರವಾರ. ಬೆಳಕು ಈಗಷ್ಟೇ ಹರಿದಿತ್ತು. ಸಕ್ಕರೆ ಬೀಟ್ ಗಡ್ಡೆ ತುಂಬಿದ ಲಾರಿಯೊಂದು ಮಡ್ ಕ್ರೀಕ್ ಸೇತುವೆಯನ್ನು ಮುರಿದುಕೊಂಡು ಹಳ್ಳಕ್ಕೆ ಬಿದ್ದಿತ್ತು. ಚಾಲಕ ಟೆರಿ ಓಲ್ನೆಸ್‌ನನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು. ಜೀವಕ್ಕೆ ಭಯವಿಲ್ಲ, ಕಾಲಿನ ಮಾತು ಹೇಳಲಾಗದು ಎಂದಿದ್ದರು. ಗಾಳಿ ಸುಮ್ಮನೆ ಬೀಸುತ್ತಲೇ ಇತ್ತು. ಹಳ್ಳದ ತುಂಬ ಗಡ್ಡೆಗಳು ಚೆಲ್ಲಿದ್ದವು.

"ನಾನು ಹಾಕಿದ್ದೆ, ಮಾರ್ಲಿಸ್," ಎಂದ ಹಾಲಿಸ್ ಬೆಕ್. ಕೌಂಟಿಯ ರಸ್ತೆ ಮೇಸ್ತ್ರಿ. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ಇಂಜಿನಿಯರು ಸೇತುವೆ ಮುಚ್ಚಿ ಅಂದ್ರು. ನಿನ್ನೆ ಮಧ್ಯಾಹ್ನ ಎರಡೂ ಕಡೆ ಬ್ಯಾರಿಕೇಡ್ ನಿಲ್ಸಿದೀನಿ. ಗಾಳಿಗೆ ಬೀಳಬಾರದು ಅಂತ ಮರಳು ಚೀಲ ಹೇರಿದೀನಿ."

"ಹಾಗಾದ್ರೆ ಎಲ್ಲಯ್ಯಾ ಅವು?" ಕೆರ್ಮಿಟ್ ನೆಸ್ ಗುಡುಗಿದ. ಲಾರಿ ಅವನದು, ಬೀಟ್ ಹೊಲವೂ ಅವನದೇ. "ಮರಳು ಚೀಲ ಸಮೇತ ಹಾರಿ ಹೋದ್ವಾ? ಸೋಮವಾರ ಗಡ್ಡೆ ಕೀಳೋದು ಅಂದ್ಕೊಂಡಿದ್ದೆ. ಹಿಮ ಬೀಳುತ್ತೆ ಅಂದ್ರು ಅಂತ ಇವತ್ತೇ ಶುರು ಮಾಡ್ದೆ. ಮೊದಲನೇ ಲಾರಿ! ಒಂದು ಹಲಗೆ ಅಡ್ಡ ಇದ್ದಿದ್ರೂ ಆ ಹುಡುಗ ನಿಲ್ಲಿಸ್ತಿದ್ದ."

"ಇತ್ತು ಭಾವ. ಆಣೆ."

"ನನ್ನನ್ನ ಭಾವ ಅನ್ಬೇಡ!"

ಹಾಲಿಸ್‌ನ ಅಕ್ಕನನ್ನು ಕೆರ್ಮಿಟ್ ಮದುವೆಯಾಗಿದ್ದಾನೆ. ಅದು ಎಲ್ಲರಿಗೂ ಗೊತ್ತು. ಮುಂದೆ ಅದೇ ಹಾಲಿಸ್‌ನ ಕೊರಳಿಗೆ ಸುತ್ತಿಕೊಂಡಿತು.

ಅಷ್ಟರಲ್ಲಿ ದೂಳೆಬ್ಬಿಸುತ್ತ ಒಂದು ಕಾರು ಬಂತು. ದೂರದಿಂದಲೇ ಕಿಟಕಿಯಾಚೆ ಕೈ ಚಾಚಿ ಬೀಸುತ್ತಿದ್ದವರು ವೆಂಡೆಲ್ ಸ್ಟ್ರಾಂಡ್, ನಮ್ಮ ಭಾಗದಿಂದ ಆರಿಸಿ ಬಂದ ಕೌಂಟಿ ಕಮಿಷನರ್. ಮುರಿದ ಸೇತುವೆ ಕಂಡದ್ದೇ ಕೈ ಒಳಗೆ ಹೋಯಿತು.

ಇಳಿದವರು ಬಹಳ ಹೊತ್ತು ಹಳ್ಳ ನೋಡುತ್ತ ನಿಂತರು.

"ಕಮಿಷನರ್, ಬ್ಯಾರಿಕೇಡ್ ಹಾಕಿದ ವಿಷಯ ನಿಮಗೆ ಗೊತ್ತಿತ್ತಾ?" ಮಾರ್ಲಿಸ್ ಕೇಳಿದಳು.

"ಹಾಲಿಸ್ ನಿನ್ನೆ ಫೋನ್ ಮಾಡಿದ್ದ. ಹಾಕ್ದೆ ಅಂದ."

"ನೋಡಿದ್ರಾ?"

"ಅವನ ಮಾತು ನಂಬಿದೆ." ಹಾಲಿಸ್‌ನ ಕಡೆ ತಿರುಗದೆ ಸೇರಿಸಿದರು: "ನಾಳೆ ಸಭೆ ಇದೆ. ಜನಕ್ಕೆ ಏನಾದ್ರೂ ಹೇಳಲೇಬೇಕಾಗುತ್ತೆ, ಹಾಲಿಸ್."

ಆ ಸಭೆಯ ವಿಷಯ ಹೇಳಬೇಕು. ಪ್ರತಿ ತಿಂಗಳ ಮೊದಲ ಶನಿವಾರ, ಚರ್ಚಿನ ನೆಲಮಾಳಿಗೆಯಲ್ಲಿ, ವೆಂಡೆಲ್ ಕೌಂಟಿಯ ಸಮಾಚಾರ ಹೇಳುತ್ತಾರೆ. ಯಾವ ರಸ್ತೆಗೆ ಜಲ್ಲಿ, ಹಿಮ ತಳ್ಳುವ ಗಾಡಿ ಯಾವಾಗ ಬರುತ್ತದೆ, ತೆರಿಗೆ ಏಕೆ ಏರಿತು, ಎಲ್ಲವನ್ನೂ. ತಪ್ಪಿಸಿದ್ದೇ ಇಲ್ಲ. "ಕೌಂಟಿ ಸುದ್ದಿ ನಿಮಗೆ ಮೊದಲು ನನ್ನ ಬಾಯಿಂದ, ಆಮೇಲೆ ಕೆಫೆಯಿಂದ," ಎನ್ನುವುದು ಅವರ ಮಾತು. ಹಿಂದಿನ ತಿಂಗಳು ಇದೇ ಕೆರ್ಮಿಟ್ ಸೇತುವೆ ಮುಚ್ಚುತ್ತೀರಾ ಎಂದು ಕೇಳಿದ್ದ. "ಮುಚ್ಚೋದಾದ್ರೆ ನಾನೇ ಬಂದು ನಿನ್ನ ಮುಖ ನೋಡಿ ಹೇಳ್ತೀನಪ್ಪಾ. ಬೋರ್ಡು ಓದಿ ತಿಳ್ಕೊಳ್ಳೋ ಗತಿ ಬರಲ್ಲ," ಎಂದಿದ್ದರು ವೆಂಡೆಲ್. ಜನ ಚಪ್ಪಾಳೆ ತಟ್ಟಿದ್ದರು. ನಡಾವಳಿಯಲ್ಲಿ ಚಪ್ಪಾಳೆಯನ್ನೂ ಬರೆಯಬೇಕೇ ಎಂದು ನನಗೆ ಅನುಮಾನವಾಗಿ, ಕೊನೆಗೆ ಬರೆಯಲಿಲ್ಲ.

ಸೇತುವೆಗೆ ಹೋಗುವ ರಸ್ತೆಯಲ್ಲಿ ಇರುವುದು ಒಂದೇ ಮನೆ, ಆರ್ಡಿಸ್ ಲೊಕ್ಕನ್ ಎಂಬ ಅಜ್ಜಿಯದು. ಅವಳ ಅಡುಗೆಮನೆ ಕಿಟಕಿ ರಸ್ತೆಗೇ ತೆರೆದಿದೆ.

"ಬನ್ರೇ, ಕಾಫಿ ಕುಡೀರಿ. ಮಾರ್ಲಿಸ್, ತೆಳ್ಳಗಾಗಿದೀಯಲ್ಲೇ! ಮನೇಲಿ ಒಲೆ ಹಚ್ತೀಯೋ ಇಲ್ವೋ?"

"ಹಚ್ತೀನಜ್ಜಿ. ನಿನ್ನೆ ಈ ದಾರೀಲಿ ಯಾರು ಹೋದ್ರು?"

"ಹಾಲಿಸ್. ಮಧ್ಯಾಹ್ನ ಕಿತ್ತಳೆ ಪಟ್ಟಿ ಬಳಿದ ಹಲಗೆ ಹೇರ್ಕೊಂಡು ಹೋದ, ಖಾಲಿ ಗಾಡಿ ತಂದ."

ನನಗೆ ಉಸಿರು ಬಂದಂತಾಯಿತು. ಹಾಗಾದರೆ ಹಾಲಿಸ್ ಸುಳ್ಳು ಹೇಳಿಲ್ಲ.

"ಆಮೇಲೆ?"

"ಸಂಜೆ ಮತ್ತೆ ಹೋದ."

ಮಾರ್ಲಿಸ್ ಕಪ್ಪನ್ನು ಮೇಜಿನ ಮೇಲಿಟ್ಟಳು. "ಮತ್ತೆ? ಹಾಲಿಸೇ?"

"ಅವನದೇ ಕೌಂಟಿ ಗಾಡಿ. ಬಾಗಿಲು ನುಜ್ಜಾಗಿರೋದು. ಗುರುತು ಹಿಡಿಯಕ್ಕೆ ಕನ್ನಡಕ ಬೇಕೇನೇ?"

"ಮುಖ ನೋಡಿದ್ಯಾ?"

"ಇಳಿಬಿಸಿಲು ಗಾಜಿಗೆ ಹೊಡೀತಿತ್ತು, ಮುಖ ಕಾಣಲಿಲ್ಲ. ಆದ್ರೆ ಪಾಪ, ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಒಳ್ಳೇ ಹುಡುಗ. ನಾನೂ ಬೀಸ್ದೆ. ವಾಪಸ್ ಬಂದಿದ್ದು ನೋಡಲಿಲ್ಲ, ಬೆಕ್ಕಿಗೆ ಹಾಲು ಹಾಕಕ್ಕೆ ಹಿತ್ತಲಿಗೆ ಹೋಗಿದ್ದೆ."

ನಾನು ಎಲ್ಲವನ್ನೂ ಬರೆದುಕೊಂಡೆ. ಅಕ್ಷರ ಬಿಡದೆ ಬರೆದೆ. ಅರ್ಥ ಮಾತ್ರ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಮಾತು ಕೆಫೆ ತಲುಪಿತ್ತು. ಹಾಲಿಸ್ ಹಾಕಿದ್ದೂ ನಿಜ, ಭಾವನ ಲಾರಿ ಸುತ್ತು ಬಳಸಬಾರದು ಅಂತ ತಾನೇ ತೆಗೆದದ್ದೂ ನಿಜ. ಹಾಗಂತ ಊರೇ ತೀರ್ಮಾನಿಸಿಬಿಟ್ಟಿತು. ಸಂಜೆ ಎಲ್ಲಿದ್ದೆ ಎಂದರೆ ಹಾಲಿಸ್, "ಗಾಡಿ ಕೌಂಟಿ ಅಂಗಳದಲ್ಲಿ ಬಿಟ್ಟು ಮನೇಲಿದ್ದೆ, ಒಬ್ಬನೇ," ಎಂದ. ಬೀಗದ ಕೈ? "ಗಾಡಿಯಲ್ಲೇ. ಎಲ್ಲಿರುತ್ತೆ ಮತ್ತೆ?" ನಮ್ಮಲ್ಲಿ ಎಲ್ಲರ ಬೀಗದ ಕೈಯೂ ಗಾಡಿಯಲ್ಲೇ.

"ಕೆಲಸ ಹೋದ್ರೆ ಹೋಗ್ಲಿ ಮಾರ್ಲಿಸ್," ಎಂದ ಅವನು. "ಆ ಹುಡುಗನ ಕಾಲು ನಾನು ಮುರಿದೆ ಅಂತ ನನ್ನಕ್ಕ ನಂಬಿದಾಳೆ. ಫೋನ್ ಎತ್ತಲ್ಲ."

ಬ್ಯಾರಿಕೇಡುಗಳು ಸಿಕ್ಕಿದ್ದು ಹಳೇ ಶಾಲೆಯ ಹಿಂದೆ, ಸೇತುವೆಗೆ ಹತ್ತಿರದಲ್ಲೇ. ಗೋಡೆಗೆ ಒರಗಿಸಿ, ಬಣ್ಣದ ಮುಖ ಒಳಗೆ ಮಾಡಿ ನಿಲ್ಲಿಸಿದ್ದರು. ಪಕ್ಕದಲ್ಲಿ ಮರಳು ಚೀಲಗಳು, ಸಾಲಾಗಿ.

"ಕದಿಯೋನು ಹೀಗಿಡ್ತಾನಾ?" ಮಾರ್ಲಿಸ್ ಕೇಳಿದಳು. "ಬೇಡ ಅನ್ನೋನು ಹಳ್ಳಕ್ಕೆ ಎಸೀತಾನೆ. ಇವನು ಮತ್ತೆ ಹಾಕೋಕೆ ಅಂತಲೇ ಇಟ್ಟಿದಾನೆ."

"ಹಾಗಾದ್ರೆ ಹಾಲಿಸೇ ಅಲ್ವಾ? ಹಾಕೋ ಕೆಲಸ ಅವನದೇ ತಾನೇ?" ಎಂದೆ.

ವಾಪಸು ಬರುವಾಗ ಎದುರಿನಿಂದ ಹಾಲಿಸ್‌ನ ಗಾಡಿ ಬಂತು, ದಾಟಿ ಹೋಯಿತು. ಮಾರ್ಲಿಸ್ ತಟ್ಟನೆ ಬ್ರೇಕ್ ಹಾಕಿದಳು.

"ಈಗ ಹಾಲಿಸ್ ಏನು ಮಾಡ್ದ?"

"ಏನೂ ಮಾಡಲಿಲ್ಲ."

"ಸರಿಯಾಗಿ ಹೇಳೇ."

"ಏನೂ ಇಲ್ಲ, ಮಾರ್ಲಿಸ್! ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದ. ನಮಸ್ಕಾರಕ್ಕೆ ಎಲ್ರೂ ಎತ್ತೋ ಹಾಗೆ."

ಅವಳು ಸ್ಟೀರಿಂಗ್ ಮೇಲಿನ ತನ್ನ ತೋರುಬೆರಳು ಎತ್ತಿ ನೋಡಿಕೊಂಡಳು. ಆಮೇಲೆ ಒಂದು ವಿಚಿತ್ರ ಪ್ರಶ್ನೆ ಕೇಳಿದಳು: "ನಿನ್ನೆ ಸಂಜೆ ನಿಮ್ಮ ಕ್ಲರ್ಕ್ ಮೇಡಂ ಎಲ್ಲಿದ್ರು?"

"ನನ್ನ ಜೊತೆ ಕಚೇರೀಲಿ. ಯಾಕೆ?"

"ಸದ್ಯ," ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮೇಡಮ್ಮಿನ ಮೇಲೆ ಅನುಮಾನವೇ?

ಶನಿವಾರ ನೆಲಮಾಳಿಗೆ ತುಂಬಿ ಮೆಟ್ಟಿಲ ಮೇಲೂ ಜನ. ಮನೆಗಳಿಂದ ಬೇಯಿಸಿ ತಂದ ಹಾಟ್‌ಡಿಶ್ ಅಡುಗೆಯ ತಟ್ಟೆಗಳನ್ನು ಯಾರೂ ಮುಟ್ಟಿರಲಿಲ್ಲ. ಕಾಫಿ ಮಾತ್ರ ಖಾಲಿಯಾಗುತ್ತಿತ್ತು. ಹಾಲಿಸ್ ಹಿಂದಿನ ಸಾಲಿನಲ್ಲಿದ್ದ. ಅವನ ಎರಡೂ ಪಕ್ಕದ ಕುರ್ಚಿ ಖಾಲಿ.

ವೆಂಡೆಲ್ ಎದ್ದು ನಿಂತರು. ಜಲ್ಲಿಯ ಮಾತಾಯಿತು. ವೃದ್ಧರ ಆರೈಕೆ ಮನೆಯ ಚಾವಣಿಯ ಮಾತಾಯಿತು. ಧ್ವನಿ ಎಂದಿನಂತಿರಲಿಲ್ಲ. ಯಾರೋ ಕೆಮ್ಮಿದರು. ಕುರ್ಚಿಗಳು ಕಿರುಗುಟ್ಟಿದವು.

"ಸೇತುವೆ ವಿಷಯ ಹೇಳಿ!" ಎಂದು ಕೆರ್ಮಿಟ್ ಕೂಗಿದ.

"ಹೇಳ್ತೀನಪ್ಪಾ. ಸೇತುವೆ." ವೆಂಡೆಲ್ ನೀರು ಕುಡಿದರು. "ಬ್ಯಾರಿಕೇಡ್ ಇತ್ತು. ಅದನ್ನ ತೆಗೆದೋರು—"

"ಕಮಿಷನರ್, ಒಂದು ನಿಮಿಷ." ಮಾರ್ಲಿಸ್ ಎದ್ದಿದ್ದಳು. "ಜನಕ್ಕೆ ಒಂದು ಪ್ರಶ್ನೆ ಇದೆ. ಎಲ್ರೂ ಗಾಡಿ ಓಡಿಸ್ತಿದೀವಿ ಅಂದ್ಕೊಳ್ಳಿ. ಎದುರಿಗೆ ಪಕ್ಕದ ಮನೆಯವನ ಗಾಡಿ ಬಂತು. ಏನು ಮಾಡ್ತೀರಿ? ಮಾಡಿ ತೋರ್ಸಿ."

"ಇದೇನಮ್ಮಾ, ಮಕ್ಕಳಾಟ?" ಯಾರೋ ನಕ್ಕರು.

"ಮಾಡ್ರೀ."

ಗೊಣಗುತ್ತಲೇ ಎಲ್ಲರೂ ಇಲ್ಲದ ಸ್ಟೀರಿಂಗ್ ಹಿಡಿದರು. ಎಲ್ಲರೂ ಒಂದು ತೋರುಬೆರಳು ಎತ್ತಿದರು. ಕೆರ್ಮಿಟ್ ಎತ್ತಿದ. ಪಾದ್ರಿ ಎತ್ತಿದರು. ಹಿಂದಿನ ಸಾಲಿನಲ್ಲಿ ಹಾಲಿಸ್ ಎತ್ತಿದ. ನೋಡಿದರೆ ನನ್ನ ಬೆರಳೂ ಎದ್ದಿತ್ತು.

"ಯಾರೂ ಅಂಗೈ ತೋರಿಸಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಲಿಲ್ಲ," ಎಂದಳು ಮಾರ್ಲಿಸ್. "ಆರ್ಡಿಸ್ ಅಜ್ಜಿ, ಗುರುವಾರ ಸಂಜೆ ಹಾಲಿಸ್ ಗಾಡೀಲಿದ್ದೋನು ಹೇಗೆ ಕೈ ಮಾಡ್ದ?"

ಅಜ್ಜಿ ಕೈ ಎತ್ತಿದಳು, ಐದೂ ಬೆರಳು ಬಿಡಿಸಿ ಬೀಸತೊಡಗಿದಳು. ಅರ್ಧದಲ್ಲೇ ಕೈ ನಿಂತುಹೋಯಿತು. "ಅಯ್ಯೋ ದೇವರೇ," ಎಂದಳು. "ಹಾಲಿಸ್ ಯಾವತ್ತೂ ಹಾಗೆ ಮಾಡಲ್ಲ."

"ಈ ಕೌಂಟೀಲಿ ಹಾಗೆ ಮಾಡೋರು ವೋಟು ಕೇಳೋರು ಮಾತ್ರ. ಮೆರವಣಿಗೇಲಿ ಬೀಸಿ ಬೀಸಿ ಕೈಗೆ ಅದೇ ರೂಢಿ. ನಮ್ಮ ಶೆರಿಫ್ ಬೀಸ್ತಾರೆ, ಆಸ್ಪತ್ರೇಲಿದ್ರು. ಕ್ಲರ್ಕ್ ಮೇಡಂ ಬೀಸ್ತಾರೆ, ಕಚೇರೀಲಿದ್ರು. ಇನ್ನು ಬ್ಯಾರಿಕೇಡ್ ಹಾಕಿದ್ದನ್ನ ಹಾಲಿಸ್ ಹೇಳಿದ್ದು ಒಬ್ರಿಗೇ. ತೆಗೆದೋರು ಅದನ್ನ ಎಸೀಲಿಲ್ಲ, ಜೋಪಾನವಾಗಿ ಇಟ್ಟಿದಾರೆ. ಎರಡು ದಿನ ಕಳೆದು ಮತ್ತೆ ಹಾಕೋಕೆ." ಅವಳ ಧ್ವನಿ ಇಳಿಯಿತು. "ಕೋರ್ಟಲ್ಲಿ ಒಂದು ಕೈ ಬೀಸಿದ್ದು ನಿಲ್ಲಲ್ಲ, ಗೊತ್ತು. ಆದ್ರೆ ಇದು ಕೋರ್ಟಲ್ಲ. ನೀವು ಸುದ್ದಿ ಹೇಳೋ ಜಾಗ, ವೆಂಡೆಲ್. ಹೇಳಿ."

ಮೇಲೆ ಗಾಳಿ ಚರ್ಚಿನ ಬಾಗಿಲನ್ನು ಅಲುಗಾಡಿಸುತ್ತಿತ್ತು.

"ನಾನೇ," ಎಂದರು ವೆಂಡೆಲ್. "ಇವತ್ತಿನ ಸಭೇಲಿ ನಾನು ಹೇಳೋ ಮುಂಚೆ ನೀವು ಬೋರ್ಡು ನೋಡ್ಬಾರದು ಅಂತ. ಮಾತು ಕೊಟ್ಟಿದ್ನಲ್ಲ. ನನ್ನ ಕಾರು ಕಂಡ್ರೆ ಅಜ್ಜಿ ನಿಲ್ಲಿಸಿ ವಿಚಾರಿಸ್ತಾಳೆ ಅಂತ ಹಾಲಿಸ್ ಗಾಡಿ ತಗೊಂಡೆ. ಸೋಮವಾರದವರೆಗೂ ಆ ಕಡೆ ಲಾರಿ ಬರಲ್ಲ ಅಂದ್ಕೊಂಡಿದ್ದೆ. ಇವತ್ತು ಸಭೆ ಮುಗಿದ ತಕ್ಷಣ ನಾನೇ ವಾಪಸ್ ಹಾಕ್ತಿದ್ದೆ."

"ನಮಗೆ ಸುದ್ದಿ ಹೇಳೋಕೆ?" ಕೆರ್ಮಿಟ್‌ನ ಧ್ವನಿ ಒಡೆದಿತ್ತು. "ಸುದ್ದಿ ಹೇಳೋಕೆ ಆ ಹುಡುಗನ ಕಾಲು ಮುರಿದ್ರಾ? ಫೋನ್ ಮಾಡಿದ್ರೆ ಆಗ್ತಿರಲಿಲ್ವಾ ಮಾರಾಯ್ರೇ?"

ಕೆರ್ಮಿಟ್ ಎದ್ದ. ಹೊಡೆಯುತ್ತಾನೆ ಎಂದುಕೊಂಡೆ. ಅವನು ಹಿಂದಿನ ಸಾಲಿಗೆ ಹೋಗಿ ಹಾಲಿಸ್‌ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಹಾಲಿಸ್‌ನ ಅಕ್ಕ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

ಟೆರಿಯ ಕಾಲು ಉಳಿಯಿತು, ಸೊಟ್ಟಗೆ. ವೆಂಡೆಲ್ ಆ ವಾರವೇ ರಾಜೀನಾಮೆ ಕೊಟ್ಟರು. ಮೊಕದ್ದಮೆ ಇನ್ನೂ ನಡೆದಿದೆ. ಮೊನ್ನೆ ರಸ್ತೆಯಲ್ಲಿ ಎದುರಾದರು. ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ನಾನು ಬೆರಳೆತ್ತಿದೆ. ಅವರು ನೋಡಿದರೋ ಇಲ್ಲವೋ.

ಒಂದು ಮಾತು ಮಾತ್ರ ಬಗೆಹರಿದಿಲ್ಲ. ಆ ದಿನದ ನಡಾವಳಿಯನ್ನು ನಾನೇ ಬರೆದೆ. "ಅದನ್ನ ತೆಗೆದೋರು" ಎಂದ ಮೇಲೆ ಒಂದು ಗೆರೆ ಎಳೆದಿದ್ದೇನೆ, ಮಾರ್ಲಿಸ್ ಎದ್ದದ್ದು ಅಲ್ಲಿಯೇ. ವೆಂಡೆಲ್ ಯಾರ ಹೆಸರು ಹೇಳುವವರಿದ್ದರು? ಹಾಲಿಸ್‌ನದೋ, ತಮ್ಮದೋ? ಮಾರ್ಲಿಸ್‌ಳನ್ನು ಕೇಳಿದೆ. "ಇನ್ನೊಂದು ಉಸಿರು ಕಾಯಬೇಕಿತ್ತು ನಾನು," ಎಂದಳು. ಅವರನ್ನೇ ಕೇಳುವ ಧೈರ್ಯ ನನಗಿಲ್ಲ. ನನಗೆ ಗೊತ್ತಿಲ್ಲ.