ಭಾನುವಾರದ ವಾಹನಗಳು

ಹೆದ್ದಾರಿ ಸಂಶೋಧನಾ ಸಂಸ್ಥೆಯ ಜೀಪು ಓಡಿಸಲು ಮೂರು ಲೋಕದಲ್ಲಿ ತನ್ನೊಬ್ಬನಿಗೇ ಬರುತ್ತದೆಂದು ನಂಬಿದ್ದ ಸಾರಥಿ ಆ ಸೋಮವಾರ ಬೆಳಿಗ್ಗೆ ದೊಡ್ಡಕ್ಕನ ಮಾತು ಕೇಳಿ ಬಾಯಿ ತೆರೆದು ನಿಂತುಬಿಟ್ಟ. ಎಷ್ಟು ತೆರೆದಿದ್ದನೆಂದರೆ ಜೀಪನ್ನು ಅದರೊಳಗೇ ನಿಲ್ಲಿಸಬಹುದಿತ್ತು.

"ಕೊಲೆ ಆಗಿದೆಯಾ ದೊಡ್ಡಕ್ಕ?"

"ಹೌದಪ್ಪ. ಎಣಿಕೆಯದ್ದು."

ದೊಡ್ಡಕ್ಕ ಅಪಘಾತ ವಿಭಾಗದ ಮುಖ್ಯಸ್ಥೆ. ಟೈರಿನ ಗುರುತು ನೋಡಿಯೇ ಚಾಲಕ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದನೇ ಎಂದು ಹೇಳುವಾಕೆ. ಹೀಗೆಂದು ಸಾರಥಿ ಊರೆಲ್ಲ ಸಾರಿದ್ದ. ಅದರಲ್ಲಿ ಮುಕ್ಕಾಲು ಪಾಲು ಕಳೆದರೂ ಉಳಿದದ್ದು ಕಡಿಮೆಯೇನಲ್ಲ.

ಪರದೆಯ ಮೇಲೆ ಹಳೇ ತಿರುವಿನ ರಸ್ತೆಯ ಎಣಿಕೆಯಿತ್ತು. ರಸ್ತೆಗೆ ಅಡ್ಡಲಾಗಿ ಎರಡು ರಬ್ಬರ್ ಕೊಳವೆ ಹಾಸುತ್ತಾರೆ; ಚಕ್ರ ಹತ್ತಿದೊಡನೆ ಪಕ್ಕದ ಪೆಟ್ಟಿಗೆ ಎಣಿಸಿಕೊಳ್ಳುತ್ತದೆ. ಓಡಾಟ ಸಾಕಷ್ಟಿದೆಯೆಂದು ಸಾಬೀತಾದರೆ ಈ ಸಲದ ಯೋಜನೆಯಲ್ಲಿ ತಿರುವನ್ನು ನೇರ ಮಾಡುತ್ತಾರೆ. ಇಲ್ಲದಿದ್ದರೆ ಮುಂದಿನ ಯೋಜನೆಯವರೆಗೆ ಅದು ಜನರನ್ನು ನುಂಗುತ್ತಲೇ ಇರುತ್ತದೆ. ಉಪನಿರ್ದೇಶಕರಾದ ಚಿಕ್ಕ ಸಾಹೇಬರ ತಂಗಿಯ ಗಂಡನನ್ನೂ ನುಂಗಿದ್ದು ಅದೇ. ಆ ತಂಗಿ ಇವತ್ತಿಗೂ ಮಗಳ ಕೈ ಹಿಡಿದು ಅದನ್ನೇ ದಾಟಿಸಿ ಶಾಲೆಗೆ ಕಳಿಸಬೇಕು.

"ಭಾನುವಾರ ಮಧ್ಯಾಹ್ನ ಅಲ್ಲಿ ನಾಯಿ ಕೂಡ ಓಡಾಡಲ್ಲ. ಇಲ್ಲಿ ನೋಡಿದ್ರೆ ಜಾತ್ರೆ!" ಎಂದರು ದೊಡ್ಡಕ್ಕ. "ಅಷ್ಟೂ ವಾಹನಕ್ಕೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಒಂದೇ ಅಂತರ. ಕೂದಲೆಳೆ ಹೆಚ್ಚುಕಮ್ಮಿ ಇಲ್ಲ."

"ಒಂದೇ ಕಾರು ಹೋಗಿ ಬಂದು ಹೋಗಿ ಬಂದು..."

"ಪರವಾಗಿಲ್ಲ, ಜೀಪಿನ ಜೊತೆ ತಲೆಯೂ ಓಡುತ್ತೆ ನಿಂಗೆ. ಚಿಕ್ಕ ಕಾರು. ನಮ್ಮ ಜೀಪಲ್ಲ, ನಿರ್ದೇಶಕರ ಉದ್ದ ಕಾರೂ ಅಲ್ಲ."

ಕಳ್ಳ ಯಾರೆಂದು ಸಾರಥಿಗೆ ಆ ಕ್ಷಣವೇ ಗೊತ್ತಾಯಿತು. ತಿರುವಿನಲ್ಲಿ ಹೋಟೆಲ್ ಇಟ್ಟಿರುವ ಗಡ್ಡದ ಯಜಮಾನ! ರಸ್ತೆ ದೊಡ್ಡದಾದರೆ ಗಿರಾಕಿ ಹೆಚ್ಚು, ಕಾರು ಬೇರೆ ಪುಟ್ಟದು.

ಇಬ್ಬರೂ ಹೊರಟರು. ಕೊಳವೆಗಳ ಮೇಲೆ ಸಾರಥಿ ಜೀಪನ್ನು ಬೆಣ್ಣೆಯಂತೆ ದಾಟಿಸಿದ.

"ಬ್ರೇಕ್ ಯಾಕೆ ಹಾಕಲಿಲ್ಲ?"

"ಅಯ್ಯೋ, ಹಾಕಿದ್ರೆ ಕೊಳವೆ ಕಿತ್ತು ಬರಲ್ವಾ? ಸಂಸ್ಥೆಗೆ ಸೇರಿದವರಿಗೆಲ್ಲ ಚಿಕ್ಕ ಸಾಹೇಬರು ಕಲಿಸೋ ಮೊದಲ ಪಾಠವೇ ಅದು."

ದೊಡ್ಡಕ್ಕ ಹಿಂತಿರುಗಿ ಕೊಳವೆಗಳನ್ನೊಮ್ಮೆ ನೋಡಿದರು. ಆಮೇಲೆ ಹೋಟೆಲಿನಲ್ಲಿ ಕಾಫಿ ಕುಡಿದು, ಯಜಮಾನನ ಕಾರಿನಲ್ಲೇ ಒಂದು ಸುತ್ತು ಹೋಗೋಣವೆಂದರು. ಕೊಳವೆ ಕಂಡದ್ದೇ ತಡ, ಆತ ಗಕ್ಕನೆ ಬ್ರೇಕ್ ಒತ್ತಿದ. ಸಾರಥಿಯ ಬೆನ್ನುಮೂಳೆ ನೆತ್ತಿ ದಾಟಿ ಟೋಪಿಗೆ ತಾಗಿತು.

"ಯಾಕ್ರೀ ಹಿಂಗೆ?"

"ಹಾವಿನ ಥರ ಬಿದ್ದಿದೆಯಲ್ಲ ಸ್ವಾಮಿ! ಎಲ್ರೂ ಇಲ್ಲಿ ಹಿಂಗೇ ಮಾಡೋದು."

ದೊಡ್ಡಕ್ಕನ ಮುಖ ಬಾಡಿತು. ಸಂಸ್ಥೆಗೆ ವಾಪಸಾದವರೇ ಮತ್ತೆ ಪರದೆಯ ಮುಂದೆ ಕೂತರು.

ಸಂಜೆ ನಿರ್ದೇಶಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕ ಸಾಹೇಬರು ತಮ್ಮ ಪುಟ್ಟ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ದೊಡ್ಡಕ್ಕ ಕರೆಸಿದ್ದ ಹೋಟೆಲ್ ಯಜಮಾನ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಎರಡು ಕೊಳವೆಗಳಿಂದ ವೇಗವೂ ತಿಳಿಯುತ್ತೆ," ಎಂದು ದೊಡ್ಡಕ್ಕ ಶುರುಮಾಡಿದರು. "ಊರಿನ ಜನ ಅಲ್ಲಿಗೆ ಬರುತ್ತಲೇ ಬ್ರೇಕ್ ಹಾಕ್ತಾರೆ, ಈ ಯಜಮಾನರ ಹಾಗೆ. ಭಾನುವಾರದ ಕಾರು ಒಂದು ಸಲವೂ ಹಾಕಿಲ್ಲ. ಎಣಿಕೆಯನ್ನೇ ಕೆಡಿಸೋಕೆ ಬಂದವರು, ಕೊಳವೆ ಕೆಡಬಾರದು ಅಂತ ಜೋಪಾನ ಮಾಡಿದ್ದಾರೆ. ಅಂದ್ರೆ ನಮ್ಮವರೇ. ನಮ್ಮಲ್ಲಿ ಚಿಕ್ಕ ಕಾರಿರೋದು ಒಬ್ಬರಿಗೆ."

ಕೀಲಿ ತಿರುಗುವುದು ನಿಂತಿತು.

"ದೊಡ್ಡಕ್ಕ," ಎಂದರು ಚಿಕ್ಕ ಸಾಹೇಬರು, "ಆ ಮಗು ದಿನಾ ದಾಟುತ್ತೆ. ಎಣಿಕೆ ಸಾಲದೇ ಹೋದ್ರೆ ಅಂತ ಹೆದರಿಬಿಟ್ಟೆ."

"ಸಾಲುತ್ತಿತ್ತು ಕಣೋ." ದೊಡ್ಡಕ್ಕನ ದನಿ ತಗ್ಗಿತು. "ಭಾನುವಾರದ್ದು ಪೂರ್ತಿ ಕಳೆದು ನೋಡಿದೆ. ಉಳಿದ ದಿನಗಳದ್ದೇ ಬೇಕಾದ್ದಕ್ಕಿಂತ ಜಾಸ್ತಿ ಇತ್ತು. ನೀನು ಮನೇಲಿ ಮಲಗಿದ್ರೆ ಸಾಕಿತ್ತು."

"ಹಾಗಾದ್ರೆ ಭಾನುವಾರ ಬಿಟ್ಟು ಉಳಿದದ್ದು ಕಳಿಸೋಣ!" ಎಂದ ಸಾರಥಿ, ತನ್ನನ್ನು ಯಾರೂ ಕೇಳದಿದ್ದರೂ.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. "ಅಧಿಕಾರಿಯೇ ಕೈಯಾಡಿಸಿದ ಎಣಿಕೆ. ಒಂದು ದಿನ ಸುಳ್ಳು ಅಂದ್ರೆ ಮಿಕ್ಕ ದಿನ ಯಾರು ನಂಬ್ತಾರೆ? ಮತ್ತೆ ಎಣಿಸೋ ಹೊತ್ತಿಗೆ ಈ ಯೋಜನೆ ಮುಗಿದಿರುತ್ತೆ. ತಿರುವನ್ನು ಕೈಬಿಡಬೇಕು."

ಅದೇ ಹೊತ್ತಿಗೆ ಚಿಕ್ಕ ಸಾಹೇಬರ ಫೋನು ಗುಂಯ್‌ಗುಟ್ಟಿತು. ತಂಗಿ. ಅವರು ಅದನ್ನು ನೋಡುತ್ತ ಕೂತರೇ ಹೊರತು ಎತ್ತಲಿಲ್ಲ.

"ಏಳು," ಎಂದರು ದೊಡ್ಡಕ್ಕ. "ಫೋನಲ್ಲಿ ಹೇಳೋ ಮಾತಲ್ಲ ಇದು. ನಾನೂ ಬರ್ತೀನಿ."

ಗಾಳಿಯನ್ನೇ ಹಿಂದೆ ಹಾಕುವ ಸಾರಥಿ ಆ ಸಂಜೆ ಜೀಪನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ. ಆದರೂ ಮನೆ ಬಂದೇಬಿಟ್ಟಿತು. ಚಿಕ್ಕ ಸಾಹೇಬರು ಇಳಿಯಲಿಲ್ಲ. ಜೀಪಿನ ಸದ್ದಿಗೆ ತಂಗಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ತಿರುವಿನ ಕೆಲಸ ಆಯ್ತಾ ಅಣ್ಣ?" ಎಂದು ನಗುತ್ತಲೇ ಗೇಟು ತೆಗೆದಳು.