ಡ್ರ್ಯಾಗನ್ ಗಾಳ

ಚಿನಾತ್ಸುವಿಗೆ ಸ್ವಂತ ಗಾಳ ಇರಲಿಲ್ಲ.

“ಅಜ್ಜೀ, ಒಂದೇ ಒಂದು ಸಲ ಕೊಡು.”

“ಗಾಳ, ಹಲ್ಲುಜ್ಜೋ ಬ್ರಷ್ಷು, ಎರಡನ್ನೂ ನಾನು ಯಾರಿಗೂ ಕೊಡಲ್ಲ,” ಎಂದಳು ಅಜ್ಜಿ, ಸಮುದ್ರದಿಂದ ಕಣ್ಣು ತೆಗೆಯದೆ.

“ನಿಂಗೆ ಹಲ್ಲೇ ಇಲ್ವಲ್ಲ!”

“ಅದಕ್ಕೇ ಗಾಳ ಒಂದೇ ಉಳಿದಿರೋದು. ಬಕೆಟ್ ಇತ್ತ ತಾ.”

ಚಿನಾತ್ಸು ಬಕೆಟ್ ತಂದಳು. ಬಂದರಿನ ಕಟ್ಟೆಯ ಮೇಲೆ ಅವಳ ಕೆಲಸ ಅದೊಂದೇ. ಒಂದು ಮೀನನ್ನೂ ಹಿಡಿಯದಿದ್ದರೂ ಅವಳ ಕೈ ಯಾವಾಗಲೂ ಮೀನಿನ ವಾಸನೆ ಹೊಡೆಯುತ್ತಿತ್ತು. ಕ್ಲಾಸಿನಲ್ಲಿ ಪಕ್ಕದವಳು ಬೆಂಚಿನ ತುದಿಗೆ ಸರಿದು ಕೂರುತ್ತಿದ್ದಳು.

“ಬಕೆಟ್ ಮೇಡಂ! ನಮ್ಮ ಬಕೆಟ್ಟೂ ಸ್ವಲ್ಪ ಎತ್ತಿ ಬಿಡಿ!” ಎಂದು ಅತ್ತ ಕಡೆಯಿಂದ ಗೋರೋ ಕೂಗಿದ. ಅವನೂ ಅದೇ ಕ್ಲಾಸು. ಅವನಿಗೆ ಅಪ್ಪ ಕೊಡಿಸಿದ ಗಾಳ ಇತ್ತು. “ನಿಮ್ಮಜ್ಜಿ ಗಾಳ ಏನು ನಾಯೀನಾ? ಕಟ್ಟಿಹಾಕಿದ್ದಾರಲ್ಲ!”

ಅಜ್ಜಿಯ ಗಾಳದ ಕೋಲಿನ ಬುಡಕ್ಕೆ ಹಳೇ ನಿಲುವಂಗಿಯ ಸೊಂಟಪಟ್ಟಿ ಕಟ್ಟಿತ್ತು. ಅದರ ಇನ್ನೊಂದು ತುದಿ ಕಟ್ಟೆಯ ಕಬ್ಬಿಣದ ಬಳೆಗೆ. ಪಟ್ಟಿ ಒಂದು ಕಾಲದಲ್ಲಿ ನೀಲಿ ಇದ್ದಿರಬೇಕು. ಈಗ ನೆಲ ಒರೆಸುವ ಬಟ್ಟೆಯ ಬಣ್ಣ. ಅದನ್ನು ನೋಡಿದಾಗಲೆಲ್ಲ ಚಿನಾತ್ಸುವಿಗೆ ನಾಚಿಕೆಯಾಗುತ್ತಿತ್ತು.

ಶನಿವಾರ ಅವಳು ಹೊಸವರ್ಷದ ಉಡುಗೊರೆ ದುಡ್ಡಿನಲ್ಲಿ ಉಳಿದದ್ದನ್ನೆಲ್ಲ ಜೇಬಿಗೆ ಹಾಕಿಕೊಂಡು ಒಗಾತಾ ಆಂಟಿಯ ಗಾಳದ ಅಂಗಡಿಗೆ ಹೋದಳು.

“ಬಜೆಟ್ ಎಷ್ಟು?” ಆಂಟಿ ಕೇಳಿದರು. ಗಲ್ಲಾ ಪೆಟ್ಟಿಗೆಯ ಮೇಲೆ ಬೆಕ್ಕು ಮಲಗಿತ್ತು.

“ಎರಡು ಸಾವಿರ ಯೆನ್.”

“ಹಾಗಾದ್ರೆ ಗೋಡೆ ಮೇಲಿರೋದನ್ನ ನೋಡಬೇಡ. ಈ ಪೀಪಾಯಿ ನೋಡು.”

ಪೀಪಾಯಿಯಲ್ಲಿ ಅಗ್ಗದ ಗಾಳಗಳಿದ್ದವು. ಆಂಟಿ ಕಂದು ಬಣ್ಣದ್ದೊಂದನ್ನು ಎಳೆದರು. ಗಿಡ್ಡ, ಪೊರಕೆಯ ಹಿಡಿಯ ಹಾಗಿತ್ತು. “ಇದು ತಗೋ. ನಿನ್ನ ಕೈಗೆ ಸರಿಯಾಗಿದೆ. ಇದೇ ದುಡ್ಡಿಗೆ ದಾರ, ಕೊಕ್ಕೆ, ಬೆಂಡು, ಕಟ್ಟೋ ಹಗ್ಗ, ಒಂದು ಪುಟ್ಟ ಬಕೆಟ್ಟು, ಎಲ್ಲಾ ಬರುತ್ತೆ.”

ಬಕೆಟ್ ಎಂದದ್ದೇ ತಪ್ಪಾಯಿತು. ಚಿನಾತ್ಸು ಪೀಪಾಯಿಯೊಳಗೆ ಕೈ ಹಾಕಿ ಇನ್ನೊಂದನ್ನು ಎತ್ತಿದಳು. ಕೆಂಪು! ಅದರ ಮೇಲೆ ಬಾಯಿ ತೆರೆದ ಚಿನ್ನದ ಬಣ್ಣದ ಡ್ರ್ಯಾಗನ್. ಒಂದರೊಳಗೊಂದು ಸೇರಿದ್ದ ತುಂಡುಗಳನ್ನು ಎಳೆದಂತೆ ಅದು ಉದ್ದವಾಗುತ್ತಲೇ ಹೋಗಿ ಬೆಕ್ಕಿನ ಮೂಗಿಗೆ ತಾಗಿತು. ಬೆಕ್ಕು ಎದ್ದು ಹೋಯಿತು.

“ಅದೊಂದಕ್ಕೇ ನಿನ್ನ ದುಡ್ಡೆಲ್ಲ ಹೋಗುತ್ತೆ,” ಎಂದರು ಆಂಟಿ. “ಆ ಡ್ರ್ಯಾಗನ್ ಮೀನು ಹಿಡಿಯಲ್ಲಮ್ಮ. ಗಿರಾಕಿ ಹಿಡಿಯುತ್ತೆ.”

“ದಾರ, ಕೊಕ್ಕೆ ಅಜ್ಜಿ ಡಬ್ಬೀಲಿದೆ.”

“ಹಗ್ಗ?”

“ನನ್ನ ಗಾಳ ನಾಯಿ ಅಲ್ಲ.”

“ಆಯ್ತು ತಾಯಿ,” ಎಂದು ಆಂಟಿ ದುಡ್ಡು ಎಣಿಸಿಕೊಂಡರು.

ಮರುದಿನ ಬೆಳಿಗ್ಗೆ ಅಜ್ಜಿ ಹೊಸ ಗಾಳವನ್ನು ತುದಿಯಿಂದ ಬುಡದವರೆಗೆ ನೋಡಿದಳು.

“ಇದಕ್ಕಿಂತ ಕೆಂಪಗಿರೋದು ಇರಲಿಲ್ವಾ?” ಆಮೇಲೆ ಕೇಳಿದಳು, “ಹಗ್ಗ ಎಲ್ಲಿ?”

“ಬೇಡ.”

“ಸರಿ. ನಿನ್ನ ಗಾಳ.”

ಗೋರೋ ತನ್ನ ಜಾಗ ಬಿಟ್ಟು ನೋಡಲು ಬಂದ. ಈಗ ಮೇಡಂ ಗೀಡಂ ಇಲ್ಲ. ಡ್ರ್ಯಾಗನ್ ಮುಟ್ಟಲು ಕೈ ಚಾಚಿದ.

“ದೂರದಿಂದ ನೋಡು. ನಿನ್ನ ಬ್ರಷ್ಷಲ್ಲಿ ನಾನು ಹಲ್ಲುಜ್ಜಲಾ?” ಎಂದಳು ಚಿನಾತ್ಸು.

“ಥೂ! ಇವತ್ತು ನೀನು ಬೋಳು ಸನ್ಯಾಸಿನೇ, ನೋಡ್ತಿರು.”

ಬರಿಗೈಯಲ್ಲಿ ಮನೆಗೆ ಹೋಗುವವರಿಗೆ ಆ ಕಟ್ಟೆಯ ಮೇಲೆ ಅದೇ ಹೆಸರು. ಮಧ್ಯಾಹ್ನದವರೆಗೂ ನೀರಿನ ಮೇಲೆ ತೇಲುವ ಬೆಂಡು ಅಲುಗಲಿಲ್ಲ. ಗಾಳ ಉದ್ದವಾಗಿದ್ದರಿಂದ ಚಿನಾತ್ಸುವಿನ ತೋಳು ಜೋತುಬಿತ್ತು. ಹಸಿವೂ ಆಯಿತು.

ಅಲ್ಲಿ ಊಟ ಮಾಡುವವರೆಲ್ಲ ಗೋಡೆಗೆ ಬೆನ್ನು ಕೊಟ್ಟು, ಬುತ್ತಿಯನ್ನು ತೊಡೆ ಮೇಲೆ ಮುಚ್ಚಿಟ್ಟುಕೊಂಡು ತಿನ್ನುತ್ತಾರೆ. ಹದ್ದು ಬರುವುದು ಹಿಂದಿನಿಂದ. ಇದು ಆ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಗೋಡೆಯ ಹತ್ತಿರ ಕೂತರೆ ಗೋರೋಗೆ ಡ್ರ್ಯಾಗನ್ ಕಾಣುವುದಿಲ್ಲ. ಚಿನಾತ್ಸು ಕಟ್ಟೆಯ ನಟ್ಟನಡುವೆ ನಿಂತಳು. ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಅನ್ನದ ಉಂಡೆ. ಬಾಯಿ ತೆರೆದಳು.

ಕಿವಿಗೆ ಪಟ್ಟನೆ ರೆಕ್ಕೆ ಬಡಿಯಿತು. ಉಂಡೆ ಇರಲಿಲ್ಲ.

“ಏಯ್ ಕಳ್ಳ ಮುಂಡೇದೇ!”

ಅವಳು ಗಾಳವನ್ನು ನೆಲಕ್ಕೆ ಹಾಕಿ, ಕಾಲಿನ ಚಪ್ಪಲಿ ಕಿತ್ತು ಬೀಸಿದಳು. ಹದ್ದು ತಿರುಗಿಯೂ ನೋಡಲಿಲ್ಲ. ಚಪ್ಪಲಿ ನೇರ ಸಮುದ್ರಕ್ಕೆ ಬಿತ್ತು.

ಹಿಂದೆ ಸರ್ರೆಂದು ಸದ್ದಾಯಿತು. ಬೆಂಡು ಮುಳುಗಿತ್ತು. ಕೆಂಪು ಗಾಳ ಕಾಂಕ್ರೀಟ್ ಮೇಲೆ ತಾನೇ ಜಾರಿಕೊಂಡು ಹೋಗುತ್ತಿತ್ತು. ಚಿನಾತ್ಸು ಅದನ್ನು ಹಿಡಿಯಲು ಹಾರಿ ಬಿದ್ದಳು. ಮೊಣಕಾಲು ತರಚಿತು. ಗಾಳ ಅಂಚು ದಾಟಿತು.

ನೀರಿನಲ್ಲಿ ಅದು ಮುಳುಗಲಿಲ್ಲ. ಯಾವುದೋ ದೊಡ್ಡ ಮೀನು ಅದನ್ನು ಎಳೆದುಕೊಂಡು ಬಂದರಿನ ಬಾಯಿಯ ಕಡೆ ಹೊರಟಿತು. ಬಿಸಿಲಿಗೆ ಡ್ರ್ಯಾಗನ್ ಹೊಳೆಯುತ್ತಿತ್ತು.

“ಡ್ರ್ಯಾಗನ್ ಮನೆಗೆ ಹೊರಟ್ತು!” ಗೋರೋ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಚಿನಾತ್ಸುವಿನ ಮುಖ ನೋಡಿದ. ತನ್ನ ಗಾಳ ಹಿಡಿದು ಕಟ್ಟೆಯ ಕೊನೆಯವರೆಗೂ ಓಡಿದ. ಕೊಕ್ಕೆ ಎಸೆದ, ಮತ್ತೆ ಎಸೆದ. ಎಟುಕಲಿಲ್ಲ.

ಚಿನಾತ್ಸು ಬೈಗುಳಕ್ಕೆ ಕಾದಳು. ಮೂಗು ಸೋರುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. “ಉಚ್ಚೆಗೆ ಹೋಗಿ ಬರ್ತೀನಿ. ಇದನ್ನ ಹಿಡ್ಕೋ.”

“ಯಾವುದನ್ನ?”

“ಹಲ್ಲುಜ್ಜೋ ಬ್ರಷ್ಷನ್ನ. ಹಿಡ್ಕೊಳ್ಳೇ, ತಡೆಯೋಕಾಗ್ತಿಲ್ಲ.”

ಚಿನಾತ್ಸು ಎರಡೂ ಕೈಯಲ್ಲಿ ಗಾಳ ಹಿಡಿದಳು. ಹಿಡಿಯಲ್ಲಿ ಅಜ್ಜಿಯ ಬೆರಳುಗಳ ಜಾಗ ಸವೆದು ಗುಳಿ ಬಿದ್ದಿತ್ತು.

ಅಜ್ಜಿ ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. “ಆ ಪಟ್ಟಿ ಕಟ್ಟಿದ್ದು ನನ್ನ ಮೂರನೇ ಗಾಳಕ್ಕೆ,” ಎಂದು ಹೇಳಿ ಕುಂಟುತ್ತ ಹೋದಳು.

ಮೊದಲಿನ ಎರಡು ಎಲ್ಲಿ ಎಂದು ಕೇಳಲು ಚಿನಾತ್ಸು ಬಾಯಿ ತೆರೆದಳು. ಸಮುದ್ರ ನೋಡಿ ಮುಚ್ಚಿಕೊಂಡಳು. ಬೆಂಡನ್ನು ನೋಡುವ ಮೊದಲು ಬಗ್ಗಿ, ಕಬ್ಬಿಣದ ಬಳೆಗೆ ಹಾಕಿದ್ದ ಗಂಟನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. ಅದರ ಮೇಲೆ ಇನ್ನೊಂದು ಗಂಟು ಹಾಕಿದಳು.

ಗೋರೋ ಏದುಸಿರು ಬಿಡುತ್ತ ಬಂದು ನಿಂತ. “ನಾಯಿ ಭದ್ರವಾಗಿದ್ಯಾ?”

“ಇದೆ. ನಿನ್ನದನ್ನೂ ಕಟ್ಕೋ,” ಎಂದಳು.

ಅವನು ಜೇಬಿನಲ್ಲಿ ದಾರಕ್ಕಾಗಿ ತಡಕಾಡಿದ.

ಆ ದಿನ ಸಮುದ್ರಕ್ಕೆ ಹೋದದ್ದು ಗಾಳ ಒಂದು, ಚಪ್ಪಲಿ ಒಂದು. ಹದ್ದಿಗೆ ಹೋದದ್ದು ಅನ್ನದ ಉಂಡೆ ಒಂದು.